ಹೊಳೆಹೊನ್ನೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ಹೊತ್ತು?

ಮಗಳ ಬಾಣಂತನಕ್ಕೆಂದೋ ಮೊಮ್ಮಗನ ನಾಮಕರಣಕ್ಕೆಂದೋ ಅಮೆರಿಕಕ್ಕೆ ಹೊರಡುವ ಹಿರಿಯರು ನಮ್ಮ ಹೊಳೆಹೊನ್ನೂರು, ಭದ್ರಾವತಿ ಸೀಮೆಯಲ್ಲಿ ಈಗ ಬಹಳ ಮಂದಿ. ವೀಸಾ ಆಯಿತು, ಚಟ್ನಿಪುಡಿ, ಸಾರಿನಪುಡಿ ಕಟ್ಟಿದ್ದಾಯಿತು ಎನ್ನುವಾಗ ಅವರಲ್ಲಿ ಯಾರಾದರೊಬ್ಬರು ಬಂದು ಕೇಳುವ ಪ್ರಶ್ನೆ ಒಂದೇ: “ಮೇಷ್ಟ್ರೇ, ಅಲ್ಲಿಗೆ ಎಷ್ಟು ದೂರ? ಎಷ್ಟು ಹೊತ್ತು ಕೂತಿರಬೇಕು?” ಮೊಬೈಲ್ ನೋಡಿದರೆ ದೂರ ಸಿಗುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,990 ಕಿಲೋಮೀಟರ್ ಚಿಲ್ಲರೆ. ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ನೇರ ವಿಮಾನದ ಟಿಕೆಟ್ ನೋಡಿದವರಿಗೆ ಹೋಗುವಾಗ ಒಂದು ಲೆಕ್ಕ ಕಾಣುತ್ತದೆ, ಬರುವಾಗ ಇನ್ನೊಂದು. ದಾರಿ ಒಂದೇ ಆಗಿರುವಾಗ ಹೊತ್ತು ಯಾಕೆ ಬೇರೆ ಎಂದು ಅವರು ಕೇಳುವುದು ನ್ಯಾಯವೇ. ಭೂಗೋಳ ಪಾಠ ಮಾಡಿದವನಾದ್ದರಿಂದ ಇದಕ್ಕೆ ಬಿಡಿಸಿ ಉತ್ತರ ಹೇಳಬೇಕೆನಿಸುತ್ತದೆ. ಹೊರಟು ನಿಂತವರಿಗೆ ಈ ಲೆಕ್ಕ ಗೊತ್ತಿದ್ದರೆ ಅರ್ಧ ಆತಂಕ ಇಳಿಯುತ್ತದೆ ಎಂಬುದು ನಾನು ಕಂಡದ್ದು.

ಮೊದಲು ದೂರದ ಮಾತು. ಶಾಲೆಯ ಗೋಡೆಯ ಮೇಲಿನ ಪ್ರಪಂಚದ ನಕ್ಷೆಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಒಂದು ಗೆರೆ ಎಳೆಯಿರಿ ಎಂದರೆ ಮಕ್ಕಳು ಪಶ್ಚಿಮಕ್ಕೆ ಆಫ್ರಿಕ, ಅಟ್ಲಾಂಟಿಕ್ ಸಾಗರ ದಾಟಿಸಿ ಎಳೆಯುತ್ತಾರೆ. ನಕ್ಷೆ ಚಪ್ಪಟೆ, ಭೂಮಿ ಗುಂಡು. ಆ ಗೆರೆ ನಿಜವಾದ ಹತ್ತಿರದ ದಾರಿಯಲ್ಲ. ಅದಕ್ಕೆ ಒಂದು ಗ್ಲೋಬ್ ಮತ್ತು ಒಂದು ಎಳೆ ದಾರ ಬೇಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಬಿಗಿಯಾಗಿ ಎಳೆದರೆ ಅದು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ, ಉತ್ತರಕ್ಕೆ ಏರುತ್ತದೆ! ನೇಪಾಳ, ಟಿಬೆಟ್ ದಾಟಿ, ಸೈಬೀರಿಯದ ಉದ್ದಕ್ಕೂ ಸಾಗಿ, ಆರ್ಕ್ಟಿಕ್ ಸಮುದ್ರದ ಅಂಚು ಸವರಿ, ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ಮೊಬೈಲ್ ಹೇಳುವ 13,990 ಕಿಲೋಮೀಟರ್ ಈ ದಾರದ ಉದ್ದ. ಇದನ್ನು ಮಹಾವೃತ್ತದ ದೂರ ಎನ್ನುತ್ತಾರೆ.

ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟ. ಕಾಗದ ಪೆನ್ಸಿಲ್ ಇದ್ದರೆ ಯಾರಾದರೂ ಮಾಡಬಹುದು. ಒಂದು ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್. (ವಿಮಾನದವರೂ ಹಡಗಿನವರೂ ಬಳಸುವ ನಾಟಿಕಲ್ ಮೈಲಿ ಹುಟ್ಟಿದ್ದು ಇಲ್ಲಿಂದಲೇ. ಒಂದು ಅಕ್ಷಾಂಶದ ಅರವತ್ತರಲ್ಲೊಂದು ಪಾಲು, ಅಂದರೆ 1.852 ಕಿಲೋಮೀಟರ್.) ದೇವನಹಳ್ಳಿಯ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರದಲ್ಲಿ. ಅಲ್ಲಿಂದ ಉತ್ತರ ಧ್ರುವಕ್ಕೆ 76.8 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೊ ಇರುವುದು 37.6 ಡಿಗ್ರಿಯಲ್ಲಿ, ಅಲ್ಲಿಂದ ಧ್ರುವಕ್ಕೆ 52.4. ಎರಡೂ ಕೂಡಿದರೆ 129.2 ಡಿಗ್ರಿ, ಕಿಲೋಮೀಟರಿನಲ್ಲಿ 14,350ರ ಆಸುಪಾಸು. ಅಂದರೆ ನೇರ ಧ್ರುವದ ನೆತ್ತಿಯ ಮೇಲೆ ಹಾದು ಹೋದರೂ ಹೆಚ್ಚಾಗುವುದು ಮುನ್ನೂರೈವತ್ತು ನಾನೂರು ಕಿಲೋಮೀಟರ್ ಮಾತ್ರ. ಅದು ಬೆಂಗಳೂರಿಗೂ ನಮಗೂ ಇರುವ ರಸ್ತೆಯ ದೂರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರಲು ಸಾಧ್ಯವಿಲ್ಲ. ಅದರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚನ್ನು ನಮ್ಮೂರಿನ ಅಜ್ಜಿಯೊಬ್ಬರು ಒಂದೇ ಸೀಟಿನಲ್ಲಿ ಕೂತು ಮುಗಿಸುತ್ತಾರೆ ಎನ್ನುವುದು ನನಗೆ ಇವತ್ತಿಗೂ ದೊಡ್ಡ ಸಂಗತಿ.

ಧ್ರುವದ ದಾರಿ ಬರೀ ಕಾಗದದ ಲೆಕ್ಕವಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ನೇರ ವಿಮಾನ ಆರಂಭಿಸಿದಾಗ ಮೊದಲ ವಿಮಾನ ಬಂದದ್ದು ಉತ್ತರ ಧ್ರುವದ ಮೇಲಿನಿಂದಲೇ. ಬೋಯಿಂಗ್ 777-200 ಎಲ್‌ಆರ್ ವಿಮಾನ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ನಾಲ್ವರು ಪೈಲಟ್‌ಗಳು, ನಾಲ್ವರೂ ಹೆಣ್ಣುಮಕ್ಕಳು. ನಾಲ್ವರು ಏಕೆಂದರೆ ಇಷ್ಟು ಉದ್ದದ ಹಾರಾಟವನ್ನು ಇಬ್ಬರೇ ನಡೆಸುವಂತಿಲ್ಲ. ಇಬ್ಬರು ನಡೆಸುವಾಗ ಇನ್ನಿಬ್ಬರು ಮಲಗಿ ವಿಶ್ರಾಂತಿ ತೆಗೆದುಕೊಳ್ಳಬೇಕು. ಧ್ರುವದ ಮೇಲೆ ಇನ್ನೂ ಕೆಲವು ಎಚ್ಚರಗಳಿವೆ. ಅಲ್ಲಿ ಕೆಟ್ಟರೆ ಇಳಿಯಲು ನಿಲ್ದಾಣಗಳು ವಿರಳ. ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನ ಹೆಪ್ಪುಗಟ್ಟುವಂತಿಲ್ಲ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನಕ್ಕೆ ಮೈನಸ್ 40 ಡಿಗ್ರಿಯೇ ಗಡಿ. ಆದ್ದರಿಂದ ಪೈಲಟ್‌ಗಳು ಇಂಧನದ ತಾಪಮಾನದ ಮೇಲೂ ಕಣ್ಣಿಟ್ಟಿರುತ್ತಾರೆ. ಹೆಚ್ಚು ಕಮ್ಮಿ ಹದಿನೇಳು ಗಂಟೆ ಹಾರಿ ಆ ವಿಮಾನ ದೇವನಹಳ್ಳಿಗೆ ಬಂದಿಳಿಯಿತು. ದೂರದ ಮಾತು ಬಂದಾಗಲೆಲ್ಲ ನಾನು ಹೆಣ್ಣುಮಕ್ಕಳಿಗೆ ಈ ಸಂಗತಿಯನ್ನು ತಪ್ಪದೆ ಹೇಳುತ್ತೇನೆ.

ಆದರೆ ದಿನಾ ಹಾರುವ ವಿಮಾನ ದಾರದ ಗೆರೆ ಹಿಡಿದು ಹೋಗುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ಆಕಾಶದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಪೈಲಟ್ ಕೂಡಲೇ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ತಲೆಯ ಮೇಲಿಂದ ಬೀಳುವ ಆಮ್ಲಜನಕದ ಮುಖವಾಡ ಕೆಲಸ ಮಾಡುವುದು ಕೆಲವೇ ನಿಮಿಷ. ಟಿಬೆಟ್ಟಿನ ನೆಲವೇ ಸಮುದ್ರಮಟ್ಟಕ್ಕಿಂತ ನಾಲ್ಕೂವರೆ ಕಿಲೋಮೀಟರ್ ಮೇಲಿದೆ. ಇಳಿಯಲು ಜಾಗವೇ ಇಲ್ಲದ ಕಡೆ ಬಹಳ ಹೊತ್ತು ಹಾರುವುದನ್ನು ವಿಮಾನಗಳು ತಪ್ಪಿಸುತ್ತವೆ. ಹಾಗಾಗಿ ಸುತ್ತು.

ಎರಡನೆಯದು ಗಾಳಿ. ಹೊತ್ತಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ ಎಂಬುದು ನನ್ನ ಅಭಿಪ್ರಾಯ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ನಮಗಿಂತ ಉತ್ತರದ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹರಿವಿದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ ಇನ್ನೂರು ಕಿಲೋಮೀಟರ್ ದಾಟುವುದೂ ಉಂಟು. ವಿಮಾನದ 900 ಕಿಲೋಮೀಟರ್ ವೇಗ ಎನ್ನುವುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ಮಳೆಗಾಲದಲ್ಲಿ ಕೂಡಲಿಯ ಸಂಗಮದ ಬಳಿ ಹರಿಗೋಲು ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಹುಟ್ಟು ಹಾಕುವ ತೋಳು ಅದೇ, ಹಾಕುವ ಬಲವೂ ಅದೇ. ಹೊಳೆಯ ಜೊತೆ ಹೋದರೆ ಒಂದು ವೇಗ, ಹೊಳೆಗೆ ಎದುರಾದರೆ ಇನ್ನೊಂದು. ಹಿಂದಿನಿಂದ ನೂರೈವತ್ತು ಕಿಲೋಮೀಟರಿನ ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ವಿಮಾನ 1,050ಕ್ಕೆ ಓಡುತ್ತದೆ, ಎದುರಾದರೆ 750ಕ್ಕೆ ಇಳಿಯುತ್ತದೆ. ಹದಿನೈದು ಗಂಟೆಯ ಹಾರಾಟದಲ್ಲಿ ಈ ವ್ಯತ್ಯಾಸ ಎಷ್ಟಾಗಬಹುದು ಎಂದು ನೀವೇ ಊಹಿಸಿ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉದಾಹರಣೆ ದೆಹಲಿಯದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ಏರ್ ಇಂಡಿಯಾ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ದೂರ ಸುಮಾರು 1,400 ಕಿಲೋಮೀಟರ್ ಹೆಚ್ಚಾಗಿ 15,300 ಕಿಲೋಮೀಟರಿಗೆ ಏರಿತು. ಹೊತ್ತು? ಹೆಚ್ಚುಕಡಿಮೆ ಎರಡು ಗಂಟೆ ಉಳಿದು ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಅಟ್ಲಾಂಟಿಕ್ ದಾರಿಯಲ್ಲಿ ಎದುರುಗಾಳಿ, ಪೆಸಿಫಿಕ್ ದಾರಿಯಲ್ಲಿ ಬೆನ್ನುಗಾಳಿ. ಹೆಚ್ಚು ದೂರ ಹೋಗಿ ಬೇಗ ತಲುಪುವುದು ಹೇಗೆಂದು ಕೇಳುವವರಿಗೆ ಇದಕ್ಕಿಂತ ನೇರ ಉತ್ತರ ಇಲ್ಲ. ಬೆಂಗಳೂರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಪೂರ್ವಕ್ಕೆ ಹೊರಟು ಪೆಸಿಫಿಕ್ ದಾಟಿದರೆ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು ಹದಿನಾರು ಗಂಟೆ. ವಾಪಸು ಅದೇ ಗಾಳಿಗೆ ಎದುರಾಗಿ ಬರಲು ಹದಿನೇಳರ ಮೇಲೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. “ಭೂಮಿ ತಿರುಗ್ತಾ ಇರೋದರಿಂದ ಹೀಗಾಗುತ್ತೆ ಅಲ್ವಾ, ಒಂದು ಕಡೆ ಊರೇ ನಮ್ಮ ಹತ್ತಿರ ಬರುತ್ತೆ” ಎಂದು ಓದಿದವರೂ ಹೇಳುತ್ತಾರೆ. ಹಾಗಲ್ಲ. ಭೂಮಿಯ ಜೊತೆ ಅದರ ವಾತಾವರಣವೂ ತಿರುಗುತ್ತದೆ, ಆ ವಾತಾವರಣದೊಳಗೇ ವಿಮಾನವೂ ಇರುತ್ತದೆ. ಊರು ಎದುರು ಬರುವ ಮಾತು ನಿಜವಾಗಿದ್ದರೆ ಪಶ್ಚಿಮಕ್ಕೆ ಹೋಗುವವರು ಬೇಗ ತಲುಪಬೇಕಿತ್ತು. ಆಗುತ್ತಿರುವುದು ಅದಕ್ಕೆ ತದ್ವಿರುದ್ಧ. ಭೂಮಿಯ ತಿರುಗುವಿಕೆಗೆ ಪಾತ್ರ ಇದೆ, ಆದರೆ ಅದು ಜೆಟ್ ಸ್ಟ್ರೀಮನ್ನು ಪೂರ್ವಕ್ಕೆ ತಿರುಗಿಸುವ ಪಾತ್ರ.

ಮೂರನೆಯ ಅಡ್ಡಿ ಮನುಷ್ಯರು ಹಾಕಿದ್ದು. ಬೆಂಗಳೂರಿನಿಂದ ಲಂಡನ್ನಿಗೆ ದಾರ ಹಿಡಿದು ನೋಡಿ, ಸುಮಾರು 8,050 ಕಿಲೋಮೀಟರ್. ಆ ದಾರ ಕಚ್ ದಾಟಿದೊಡನೆ ಪಾಕಿಸ್ತಾನದ ಸಿಂಧ್, ಬಲೂಚಿಸ್ತಾನಗಳ ಮೇಲೆ ಹಾದು, ಇರಾನ್, ಕ್ಯಾಸ್ಪಿಯನ್ ಸಮುದ್ರ ಕಳೆದು, ಉಕ್ರೇನಿನ ಮೇಲೆ ಹೋಗುತ್ತದೆ. ಉಕ್ರೇನಿನ ಆಕಾಶ 2022ರ ಫೆಬ್ರವರಿ 24ರಂದು ಯುದ್ಧ ಶುರುವಾದಾಗ ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿತು. ಪಾಕಿಸ್ತಾನ 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ತಿಂಗಳುಗಟ್ಟಲೆ ತನ್ನ ಆಕಾಶ ಮುಚ್ಚಿತ್ತು. ಪಹಲ್ಗಾಮ್ ಹತ್ಯಾಕಾಂಡದ ಬೆನ್ನಿಗೆ 2025ರ ಏಪ್ರಿಲ್ 24ರಂದು ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ಹಾಗೆಯೇ ಮಾಡಿತು. ಆ ನಿಷೇಧ ಬೇರೆ ದೇಶದ ವಿಮಾನಗಳಿಗೆ ಇರಲಿಲ್ಲ. ಹೀಗಾಗಿ ಒಂದೇ ನಿಲ್ದಾಣದಿಂದ ಹೊರಟು ಒಂದೇ ನಿಲ್ದಾಣ ಮುಟ್ಟುವ ಎರಡು ಕಂಪನಿಗಳ ವಿಮಾನಗಳು ಬೇರೆ ಬೇರೆ ದಾರಿ ಹಿಡಿಯುವ ಸ್ಥಿತಿ ಬಂತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಪೆಟ್ಟು ಹೆಚ್ಚು, ದಕ್ಷಿಣದ ನಮಗೆ ಅರಬ್ಬಿ ಸಮುದ್ರದ ಮೇಲಿನ ಸುತ್ತುದಾರಿ ಇದೆ. ಆದರೂ ಗಡಿಯಲ್ಲಿ ಸಿಡಿದ ಗುಂಡಿನ ಪರಿಣಾಮ ಭದ್ರಾವತಿಯಿಂದ ಲಂಡನ್ನಿಗೆ ಹೊರಟ ಒಬ್ಬ ತಾಯಿಯ ಮೊಣಕಾಲಿನ ತನಕ ಬರುತ್ತದೆ. ಕಳೆದ ವರ್ಷ ಹೋಗಿ ಬಂದವರು ಹೇಳಿದ ಹೊತ್ತನ್ನು ಈ ವರ್ಷಕ್ಕೆ ನಂಬಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಗಡಿಯಾರ. ಸೋಮವಾರ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟ ವಿಮಾನ ಹದಿನಾರು ಗಂಟೆ ಹಾರಿತೆಂದಿಟ್ಟುಕೊಳ್ಳಿ. ಇಲ್ಲಿ ಆಗ ಮಂಗಳವಾರ ಬೆಳಿಗ್ಗೆ ಆರೂವರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ; ಅಲ್ಲಿ ಇನ್ನೂ ಸೋಮವಾರ ಸಂಜೆ ಐದು. ಟಿಕೆಟ್ಟಿನಲ್ಲಿ “ಸೋಮವಾರ 14:30, ಸೋಮವಾರ 17:00” ಎಂದು ನೋಡಿ ಎರಡೂವರೆ ಗಂಟೆಯ ಪ್ರಯಾಣವೆಂದು ಕೇಳಿದವರಿದ್ದಾರೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ವಾಪಸು ಬರುವಾಗ ಇದೇ ಲೆಕ್ಕ ದಿನವನ್ನು ನುಂಗುತ್ತದೆ. 2021ರ ಆ ಮೊದಲ ವಿಮಾನದ ವೇಳಾಪಟ್ಟಿಯನ್ನೇ ನೋಡಿ: ಜನವರಿ 9ರ ರಾತ್ರಿ ಎಂಟೂವರೆಗೆ ಅಲ್ಲಿಂದ, 11ರ ಬೆಳಗಿನ ಜಾವ ಮೂರೂಮುಕ್ಕಾಲಿಗೆ ಇಲ್ಲಿಗೆ. ಜನವರಿ 10 ಪೂರ್ತಿ ಆಕಾಶದಲ್ಲೇ ಕಳೆಯಿತು. ಶಿವರಾತ್ರಿಗೋ ಒಂದು ತಿಥಿಗೋ ಊರಿಗೆ ಬರುವ ಮಕ್ಕಳು ಈ ಒಂದು ದಿನವನ್ನು ಮರೆತರೆ ಕಾರ್ಯ ಮುಗಿದ ಮೇಲೆ ಬಂದಿಳಿಯುತ್ತಾರೆ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ. ನಮ್ಮ ಸಂಜೆ ಆರಕ್ಕೆ ಅಲ್ಲಿ ಅದೇ ದಿನದ ಬೆಳಿಗ್ಗೆ ಐದೂವರೆ.

ಟಿಕೆಟ್ಟಿನ ಮೇಲೆ ಬರೆದ ಗಂಟೆ ಹಾರಾಟದ ಗಂಟೆಯೂ ಅಲ್ಲ. ಗೇಟು ಬಿಟ್ಟಲ್ಲಿಂದ ಗೇಟು ಮುಟ್ಟುವವರೆಗಿನ ಹೊತ್ತು ಅದು. ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದ ತನಕ ಹೋಗಬೇಕಿಲ್ಲ, ನಮ್ಮ ಸೊಗಾನೆ ಸಾಕು. ಶಿವಮೊಗ್ಗ-ಭದ್ರಾವತಿ ನಡುವಿನ ಈ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಕುವೆಂಪು ಅವರ ಹೆಸರು ಹೊತ್ತ ನಿಲ್ದಾಣ. ಮೊದಲ ಪ್ರಯಾಣಿಕ ವಿಮಾನ ಬಂದದ್ದು ಅದೇ ವರ್ಷದ ಆಗಸ್ಟ್ 31ರಂದು, ಇಂಡಿಗೊದ ಎಟಿಆರ್ ಎಂಬ ಸಣ್ಣ ವಿಮಾನ. ದೇವನಹಳ್ಳಿಗೂ ಸೊಗಾನೆಗೂ ದಾರ ಹಿಡಿದರೆ 240 ಕಿಲೋಮೀಟರಿಗಿಂತ ಹೆಚ್ಚಿಲ್ಲ. ಎಟಿಆರ್‌ನ ಪಂಖ ತಿರುಗಿಸುವ ಎಂಜಿನ್ನು ಜೆಟ್ಟಿನಷ್ಟು ಚುರುಕಲ್ಲದಿದ್ದರೂ ಗಂಟೆಗೆ ಐನೂರು ಕಿಲೋಮೀಟರ್ ಓಡುತ್ತದೆ. ಅರ್ಧ ಗಂಟೆ ಸಾಕಾಗಬೇಕಿತ್ತು. ಆರಂಭದ ವೇಳಾಪಟ್ಟಿಯಲ್ಲಿ ಇದ್ದದ್ದು ಬೆಂಗಳೂರು 9.50, ಶಿವಮೊಗ್ಗ 11.05, ವಾಪಸು 11.25ಕ್ಕೆ ಹೊರಟು 12.25ಕ್ಕೆ ಬೆಂಗಳೂರು. ಬರಲು ಒಂದೂಕಾಲು ಗಂಟೆ, ಹೋಗಲು ಒಂದು ಗಂಟೆ. ಬೆಂಗಳೂರಿನಲ್ಲಿ ಗೇಟಿನಿಂದ ರನ್‌ವೇ ತನಕ ಉರುಳಿಕೊಂಡು ಹೋಗುವುದು, ಮುಂದಿನ ವಿಮಾನಗಳ ಸಾಲು ಕರಗಲು ಕಾಯುವುದು, ಮೇಲೇರುವುದು, ಇಳಿಯುವ ದಿಕ್ಕಿಗೆ ಸುತ್ತಿ ಬರುವುದು, ಜೊತೆಗೆ ತಡವಾದರೂ ಲೆಕ್ಕ ತಪ್ಪದಿರಲೆಂದು ಸೇರಿಸಿದ ನಿಮಿಷಗಳು, ಎಲ್ಲವೂ ಅದರೊಳಗಿವೆ. ಸೊಗಾನೆಯಲ್ಲಿ ಸಾಲೇ ಇಲ್ಲ, ಬಾಗಿಲು ಹಾಕಿದರೆ ಹೊರಟೇಬಿಡಬಹುದು. ಹತ್ತಿರದ ಊರಿಗೆ ನೆಲದ ಮೇಲಿನ ಹೊತ್ತೇ ಹೆಚ್ಚು, ದೂರದ ಊರಿಗೆ ಗಾಳಿಯ ಹೊತ್ತೇ ಹೆಚ್ಚು.

ಈಗ ಹೊಳೆಹೊನ್ನೂರಿನ ಮನೆಬಾಗಿಲಿನಿಂದ ಲೆಕ್ಕ ಹಾಕೋಣ. ಯಾರೂ ಹಾಕುವುದಿಲ್ಲ, ಆದರೆ ಸುಸ್ತು ಹತ್ತುವುದು ಇಲ್ಲೇ. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ಆಮೇಲೆ ಬೆಂಗಳೂರು ನಗರಕ್ಕೆ ನುಗ್ಗದೆ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಮುನ್ನೂರು ಕಿಲೋಮೀಟರ್ ಆಸುಪಾಸು, ಊಟ ತಿಂಡಿ ಸೇರಿ ಆರು ಗಂಟೆ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲೇ ಹೋಗಬೇಕು. ನೇರ ವಿಮಾನ ಸಿಕ್ಕರೆ ಹಾರಾಟ ಹದಿನಾರು. ಇಳಿದ ಮೇಲೆ ಅಲ್ಲಿನ ಅಧಿಕಾರಿಗಳ ಸಾಲು, ಪೆಟ್ಟಿಗೆ, ಮಗಳ ಮನೆಗೆ ಕಾರು ಎಂದು ಎರಡು ಗಂಟೆ. ಒಟ್ಟು ಇಪ್ಪತ್ತೇಳು ಗಂಟೆ. ನಡುವೆ ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ಇಳಿದು ಹತ್ತುವುದಾದರೆ ಇನ್ನೂ ಹೆಚ್ಚು. ದೂರದಲ್ಲಿ ಶೇಕಡ 2ರಷ್ಟು ಮಾತ್ರ ಇರುವ ನಮ್ಮ ರಸ್ತೆ, ಹೊತ್ತಿನಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ತಿನ್ನುತ್ತದೆ. ಅದೂ ರಾತ್ರಿ ಎರಡರ ವಿಮಾನಕ್ಕೆ ಮಧ್ಯಾಹ್ನವೇ ಮನೆ ಬಿಟ್ಟು, ಕಾರಿನಲ್ಲಿ ಮೈ ನೋಯಿಸಿಕೊಂಡು, ಆಮೇಲೆ ಹದಿನಾರು ಗಂಟೆ ಕೂರಬೇಕಾದ ಎಪ್ಪತ್ತರ ಹರೆಯದವರಿಗೆ.

ಹಾಗಾಗಿ ಮಕ್ಕಳಿಗೆ ನನ್ನ ಮನವಿ. ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವಾಗ ಪರದೆಯ ಮೇಲೆ ಕಾಣುವ ಗಂಟೆಯನ್ನಷ್ಟೇ ನೋಡಬೇಡಿ, ಊರಿನಿಂದ ಹೊರಡುವ ಗಂಟೆಯನ್ನೂ ಕೂಡಿಸಿ. ಸಾಧ್ಯವಾದರೆ ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಮಲಗಲಿ. ನಡುವೆ ವಿಮಾನ ಬದಲಿಸುವುದಿದ್ದರೆ ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ಟಿಕೆಟ್ ಮಾಡಿದರೆ ಮೊದಲ ವಿಮಾನ ತಡವಾದದ್ದಕ್ಕೆ ಎರಡನೆಯ ಕಂಪನಿ ಹೊಣೆಯಲ್ಲ. ವಿಮಾನದೊಳಗೆ ಗಂಟೆಗೊಮ್ಮೆ ಎದ್ದು ನಡೆಯಲು, ನೀರು ಕುಡಿಯಲು ಹೇಳಿ ಕಳಿಸಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಾದವರಿಗೆ ಹೆಚ್ಚು, ಹೊರಡುವ ಮುಂಚೆ ಡಾಕ್ಟರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಸೊಗಾನೆಯಿಂದಲೇ ಹಾರಿ ಈ ಆರು ಗಂಟೆಯನ್ನು ಉಳಿಸಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ, ನನಗೂ ಅನಿಸಿತ್ತು. ಆ ಮೊದಲ ವೇಳಾಪಟ್ಟಿಯನ್ನೇ ಮತ್ತೆ ನೋಡಿ. ಮಧ್ಯಾಹ್ನ 12.25ಕ್ಕೆ ಬೆಂಗಳೂರಿನಲ್ಲಿ ಇಳಿದವರಿಗೆ ಎರಡು ಗಂಟೆಗೆ ಹೊರಡುವ ಅಂತರರಾಷ್ಟ್ರೀಯ ವಿಮಾನ ಸಿಗುವುದಿಲ್ಲ, ಪೆಟ್ಟಿಗೆ ಕೊಡುವ ಕೌಂಟರ್ ಆಗಲೇ ಮುಚ್ಚುವ ಹೊತ್ತು. ನಡುರಾತ್ರಿಯ ವಿಮಾನಕ್ಕೆ ಹನ್ನೆರಡು ಗಂಟೆ ಕಾಯಬೇಕು. 2023ರ ಸೆಪ್ಟೆಂಬರ್ 12ರಿಂದ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿಗೆ ಹೋಗಿರುವುದರಿಂದ ಕೆಲವರಿಗೆ ಪೆಟ್ಟಿಗೆ ಎಳೆದುಕೊಂಡು ಟರ್ಮಿನಲ್ ಬದಲಿಸುವ ಕೆಲಸವೂ ಉಂಟು. ಹೀಗೆ ಮಧ್ಯಾಹ್ನ ಇಳಿದು ರಾತ್ರಿಯವರೆಗೆ ಬೆಂಚಿನ ಮೇಲೆ ಕೂತಿದ್ದ ದಂಪತಿಯನ್ನು ನಾನು ಬಲ್ಲೆ. ಮುಂದಿನ ಸಲ ಅವರು ಕಾರನ್ನೇ ಹಿಡಿದರು.

ಸೊಗಾನೆಯ ರನ್‌ವೇ 3.2 ಕಿಲೋಮೀಟರ್ ಉದ್ದವಿದೆ, ಎಟಿಆರ್‌ಗೆ ಅದರ ಅರ್ಧವೂ ಬೇಡ. ದೊಡ್ಡ ವಿಮಾನ ಇಳಿಯಲಿ ಎಂದೇ ಅಷ್ಟು ಉದ್ದ ಮಾಡಿದ್ದು. ಸದ್ಯಕ್ಕೆ ನಾನು ಕೇಳುವುದು ದೊಡ್ಡ ವಿಮಾನವನ್ನಲ್ಲ. ಸಂಜೆ ಏಳರ ಸುಮಾರಿಗೆ ಇಲ್ಲಿಂದ ಹೊರಟು, ಎಂಟು ಗಂಟೆಗೆ ದೇವನಹಳ್ಳಿ ಮುಟ್ಟುವ ಒಂದು ಸಣ್ಣ ವಿಮಾನ. ಬೆಳಗಿನ ಜಾವ ಹೊರದೇಶದಿಂದ ಬಂದಿಳಿದವರನ್ನು ತಿಂಡಿಯ ಹೊತ್ತಿಗೆ ಇಲ್ಲಿಗೆ ತಲುಪಿಸುವ ಇನ್ನೊಂದು. ಸಂಜೆಯ ಕತ್ತಲಿಗೂ ಚಳಿಗಾಲದ ಮುಂಜಾನೆಯ ಮಂಜಿಗೂ ಹೆದರದೆ ಇಳಿಸಬಲ್ಲ ದೀಪ, ಉಪಕರಣಗಳ ವ್ಯವಸ್ಥೆ. ಸೊಗಾನೆಯಲ್ಲೇ ಪೆಟ್ಟಿಗೆ ಕೊಟ್ಟರೆ ಕೊನೆಯ ಊರಿನಲ್ಲಿ ಸಿಗುವಂಥ ಒಂದೇ ಟಿಕೆಟ್. ಶಿವಮೊಗ್ಗ, ಭದ್ರಾವತಿ, ಚನ್ನಗಿರಿ, ತೀರ್ಥಹಳ್ಳಿ, ಸಾಗರ ಕಡೆಗಳಿಂದ ಹೊರದೇಶಕ್ಕೆ ಹೋಗಿ ಬರುವವರ ಹೊತ್ತನ್ನು ನೋಡಿ ವೇಳಾಪಟ್ಟಿ ಮಾಡಿದರೆ ವಿಮಾನ ಖಾಲಿ ಹಾರುವುದಿಲ್ಲ ಎಂಬ ನಂಬಿಕೆ ನನಗಿದೆ. ಆಗ ಇಪ್ಪತ್ತೇಳು ಗಂಟೆಯಲ್ಲಿ ಮೂರು ಗಂಟೆಯಾದರೂ ಕಳೆಯಬಹುದು.